ಕಬ್ಬಿಣ-55ರ ಗೆರೆ ಜಾಗ ಬಿಟ್ಟಾಗ: ಸಣ್ಣ ಕ್ಷ-ಕಿರಣ ದೂರದರ್ಶಕಕ್ಕೆ ಉಡಾವಣೆ-ಪೂರ್ವ ದೋಷ ನಿವಾರಣೆ ಕೈಪಿಡಿ

ಕ್ಷ-ಕಿರಣ ಉಪಕರಣವನ್ನು ಉಡಾವಣೆಗೆ ಮುನ್ನ ಕಬ್ಬಿಣ-55 ಎಂಬ ವಿಕಿರಣಶೀಲ ಆಕರದ ಪುಟ್ಟ ಬಿಲ್ಲೆ ಮುಂದಿಟ್ಟು ಕ್ಯಾಲಿಬ್ರೇಟ್ ಮಾಡುತ್ತಾರೆ, ಅಂದರೆ ಅದರ ಅಳತೆ ಸರಿಯಿದೆಯೇ ನೋಡುತ್ತಾರೆ. ಕಿರಣಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ಚಾನೆಲ್ ಎಂಬ ಖಾನೆಗಳಲ್ಲಿ ಎಣಿಸಿದ ನಕ್ಷೆಯೇ ರೋಹಿತ, ಅದರಲ್ಲಿ ಒಂದೇ ಶಕ್ತಿಯ ಕಿರಣಗಳು ಎಬ್ಬಿಸುವ ಶಿಖರವೇ ಗೆರೆ. ಕ್ಯಾಲಿಬ್ರೇಶನ್ ಮೇಜಿನ ಮೇಲೆ ಉಪಕರಣ ಕೈಕೊಟ್ಟಾಗ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದಕ್ಕೆ ಈ ಕೈಪಿಡಿ. ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿರುವ ಉಪಕರಣ ಹೀಗಿದೆ: 25 ಚದರ ಮಿಲಿಮೀಟರಿನ ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್, ಅದಕ್ಕೆ 8ರಿಂದ 25 ಮೈಕ್ರಾನ್ ದಪ್ಪದ ಬೆರಿಲಿಯಮ್ ಕಿಟಕಿ, ಒಳಗೆ ವಿದ್ಯುತ್ತಿನಿಂದ ಶಾಖವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಸಾಗಿಸುವ ಪೆಲ್ಟಿಯರ್ ಕೂಲರ್, ಮುಂದೆ ನೇರ ಬರುವ ಕಿರಣಗಳನ್ನಷ್ಟೇ ಒಳಬಿಡುವ ಕೊಲಿಮೇಟರ್ ಅಥವಾ ಪುಟ್ಟ ಕನ್ನಡಿ ಗುಚ್ಛ, ಅಳೆಯುವ ವ್ಯಾಪ್ತಿ 1ರಿಂದ 15 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಕೆಇವಿ). ಚಂದ್ರಯಾನ-2ರ ಎಕ್ಸ್‌ಎಸ್‌ಎಮ್, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ ಆದಿತ್ಯ-ಎಲ್1ರ ಸೋಲೆಕ್ಸ್, 2016ರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿದ್ದ ಕೊಲರಾಡೊ ವಿಶ್ವವಿದ್ಯಾಲಯದ ಮಿನ್‌ಎಕ್ಸ್‌ಎಸ್‌ಎಸ್ ಕ್ಯೂಬ್‌ಸ್ಯಾಟ್, ಇವೆಲ್ಲ ಇದೇ ಡಿಟೆಕ್ಟರ್ ಕುಟುಂಬದವು. ಎಕ್ಸ್‌ಪೋಸ್ಯಾಟ್‌ನ ಎಕ್ಸ್‌ಸ್ಪೆಕ್ಟ್‌ನಲ್ಲಿರುವ ಸ್ವೆಪ್ಟ್ ಚಾರ್ಜ್ ಡಿವೈಸ್ ಬೇರೆ ಜಾತಿಯದು. ಆದರೂ ಇಲ್ಲಿ ಹೇಳುವ ಬಹುಪಾಲು ಲಕ್ಷಣಗಳು ಅದಕ್ಕೂ ಅನ್ವಯಿಸುತ್ತವೆ.

ಗೆರೆ ಆರು ಚಾನೆಲ್ ಸರಿದಿದ್ದರೆ ತಂತ್ರಾಂಶದಲ್ಲಿ ಒಂದು ಗುಣಕ ಬದಲಿಸಿ ಅದನ್ನು ಮತ್ತೆ ಜಾಗಕ್ಕೆ ಕೂರಿಸುವುದು ಎರಡು ನಿಮಿಷದ ಕೆಲಸ. ಹಾಗೆ ಮಾಡಬೇಡಿ. ಕಾರಣ ತಿಳಿಯದೆ ಹಾಕಿದ ತಿದ್ದುಪಡಿ ದೋಷವನ್ನು ಸರಿಪಡಿಸುವುದಿಲ್ಲ, ಬರೀ ಮುಚ್ಚಿಡುತ್ತದೆ. ಕಕ್ಷೆಯಲ್ಲಿ ಬಿಸಿಲು ನೆರಳು ಬದಲಾದಾಗ ಅದೇ ದೋಷ ಬೇರೆ ರೂಪದಲ್ಲಿ ಎದುರಾಗುತ್ತದೆ, ಆಗ ಅದನ್ನು ಗುರುತಿಸಲು ಹೋಲಿಕೆಗೆ ಏನೂ ಇರುವುದಿಲ್ಲ. ಕೆಳಗಿನ ಪ್ರತಿ ಪರೀಕ್ಷೆಯಲ್ಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮುಂಚಿನ ರೋಹಿತವನ್ನು ಕಡತದಲ್ಲಿ ಉಳಿಸಿ, ಆಮೇಲೆ ಮುಂದಿನದಕ್ಕೆ ಹೋಗಿ.

ಶುರು ಮಾಡುವ ಮುನ್ನ: ಸುರಕ್ಷತೆ

ಕಬ್ಬಿಣ-55ರ ಕಿರಣಗಳು ದುರ್ಬಲ, ತೆಳು ಗಾಜೂ ಅವನ್ನು ತಡೆಯುತ್ತದೆ. ಅಪಾಯ ಇರುವುದೂ ಅಲ್ಲೇ: ದಪ್ಪ ಗೋಡೆಯ ಸಾಮಾನ್ಯ ಗೈಗರ್ ಕೌಂಟರ್‌ಗೆ ಈ ಆಕರ ಕಾಣುವುದೇ ಇಲ್ಲ. ಬಿಲ್ಲೆ ಕೆಳಗೆ ಬಿದ್ದು ಕಳೆದುಹೋದರೆ ಹುಡುಕಲು ತೆಳು ಮೈಕಾ ಕಿಟಕಿಯ ಕೌಂಟರ್ ಬೇಕು. ಆಕರ ತೆಗೆದ ಹೊತ್ತು, ವಾಪಸ್ ಇಟ್ಟ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆಯಿರಿ. ಬಿಲ್ಲೆಯ ಮುಖವನ್ನು ಬೆರಳಿನಿಂದ ಮುಟ್ಟಬೇಡಿ, ಒರೆಸಲೂ ಬೇಡಿ. ಭಾರತದಲ್ಲಿ ಇಂಥ ಆಕರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಕ್ಕೆ ಒಳಪಟ್ಟಿವೆ. ನಿಮ್ಮ ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಯದಂತೆ ಆಕರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೂ ಒಯ್ಯುವಂತಿಲ್ಲ. ಕ್ಷ-ಕಿರಣ ಟ್ಯೂಬ್ ಬಳಸುವಾಗ ಬಾಗಿಲು ತೆರೆದರೆ ಟ್ಯೂಬನ್ನು ತಾನೇ ಆರಿಸುವ ಇಂಟರ್‌ಲಾಕನ್ನು ಯಾವ ಆತುರಕ್ಕೂ ತಪ್ಪಿಸಬೇಡಿ.

ಬೆರಿಲಿಯಮ್ ಕಿಟಕಿ ಕೂದಲೆಳೆಗಿಂತ ತೆಳು, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಅದಕ್ಕೆ ಗಾಳಿ ಊದಬಾರದು, ಹತ್ತಿ ತಾಗಿಸಬಾರದು. ಒಡೆದರೆ ಎಲ್ಲರೂ ಆ ಜಾಗ ಬಿಡಿ, ಫ್ಯಾನ್ ಮತ್ತು ಎಸಿ ಆರಿಸಿ, ಗುಡಿಸಬೇಡಿ, ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ನಿರ್ವಾತ ಕೋಣೆಯೊಳಗೆ ಸುಮಾರು 330 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಹಾಯುವ ಭಾಗಗಳಿದ್ದರೆ, ಅಂದರೆ ಟ್ಯೂಬ್ ಅಥವಾ ಕ್ಯಾಡ್ಮಿಯಮ್ ಜಿಂಕ್ ಟೆಲ್ಯುರೈಡ್ ಡಿಟೆಕ್ಟರ್ ಥರದವು ಇದ್ದರೆ, ಗಾಳಿ ಅರ್ಧ ಖಾಲಿಯಾದ ಸ್ಥಿತಿಯಲ್ಲಿ ಅವನ್ನು ಚಾಲೂ ಮಾಡಬಾರದು. ಹೆಚ್ಚುಕಡಿಮೆ 10ರಿಂದ 0.1 ಮಿಲಿಬಾರ್ ನಡುವೆ ಕಿಡಿ ಹಾರುವ ಸಂಭವ ಅತಿ ಹೆಚ್ಚು, ಒಂದೇ ಕಿಡಿ ಪ್ರೀಆಂಪ್ (ಡಿಟೆಕ್ಟರಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಸರ್ಕಿಟ್) ಸುಡಲು ಸಾಕು. ಒತ್ತಡ 10⁻⁵ ಮಿಲಿಬಾರ್‌ಗಿಂತ ಕೆಳಗಿಳಿದು ಸ್ಥಿರವಾಗುವ ತನಕ ಕಾಯಿರಿ.

ಸರಿಯಾದ ರೋಹಿತ ಹೇಗಿರಬೇಕು

ಕಬ್ಬಿಣ-55 ಕ್ಷಯಿಸಿ ಮ್ಯಾಂಗನೀಸ್ ಆಗುತ್ತದೆ, ನಾವು ನೋಡುವುದು ಮ್ಯಾಂಗನೀಸಿನ ಗೆರೆಗಳನ್ನು. ಕೆ-ಆಲ್ಫಾ 5.895 ಕೆಇವಿಯಲ್ಲಿ, ಕೆ-ಬೀಟಾ 6.490ರಲ್ಲಿ. ಕೆ-ಆಲ್ಫಾ ವಾಸ್ತವದಲ್ಲಿ 5.899 ಮತ್ತು 5.888ರ ಜೋಡಿ, ಬಲ 2:1. ಒಂದೇ ಗಾಸಿಯನ್ (ಗಂಟೆಯಾಕಾರದ ವಕ್ರರೇಖೆ) ಕೂರಿಸಿದರೆ ಅಗಲ ಚೂರು ಹೆಚ್ಚು ಬರುತ್ತದೆ, ಎರಡು ಕೂರಿಸುವುದೇ ಸರಿ. ಕೆ-ಬೀಟಾ ಎತ್ತರ ಕೆ-ಆಲ್ಫಾದ ಏಳೆಂಟರಲ್ಲಿ ಒಂದು ಪಾಲು. ಅದು ಕಾಣದಿದ್ದರೆ ಗಾಬರಿಯಾಗುವ ಮುನ್ನ ಆಕರದ ಚೀಟಿ ಓದಿ: ಕೆಲವು ಬಿಲ್ಲೆಗಳ ಮೇಲೆ ಕ್ರೋಮಿಯಮ್ ಹಾಳೆ ಇರುತ್ತದೆ, ಅದು ಬೇಕೆಂದೇ ಕೆ-ಬೀಟಾವನ್ನು ನುಂಗುತ್ತದೆ.

ಸಿಲಿಕಾನ್‌ನಲ್ಲಿ 5.9 ಕೆಇವಿಯ ಒಂದು ಫೋಟಾನ್ ಸುಮಾರು 1,600 ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಈ ಸಂಖ್ಯೆಯಲ್ಲೇ ಇರುವ ಸಹಜ ಏರಿಳಿತದಿಂದ ಗೆರೆಯ ಅಗಲ, ಅರ್ಧ ಎತ್ತರದಲ್ಲಿ ಅಳೆದರೆ, ಸುಮಾರು 120 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಇವಿ) ಕಡಿಮೆಯಾಗದು. ಚೆನ್ನಾಗಿ ತಂಪಾದ ಡಿಟೆಕ್ಟರ್ 130ರಿಂದ 150 ಕೊಡುತ್ತದೆ. 120ಕ್ಕಿಂತ ಕಡಿಮೆ ಬಂದಿದ್ದರೆ ಹಿಗ್ಗಬೇಡಿ, ಚಾನೆಲ್‌ನಿಂದ ಶಕ್ತಿಗೆ ಪರಿವರ್ತಿಸುವ ಲೆಕ್ಕ ತಪ್ಪಿದೆ.

ಎಷ್ಟು ಹೊತ್ತು ಎಣಿಸಬೇಕು? 140 ಇವಿ ಅಗಲದ ಗೆರೆಯಲ್ಲಿ 10,000 ಎಣಿಕೆ ಇದ್ದರೆ ಅದರ ಕೇಂದ್ರ 0.6 ಇವಿ ನಿಖರತೆಯಲ್ಲಿ ಸಿಗುತ್ತದೆ. ಅಗಲವನ್ನು ಶೇ 1ರ ಮಟ್ಟಿಗೆ ತಿಳಿಯಲು 5,000 ಸಾಕು. ಐನೂರು ಎಣಿಕೆಯ ರೋಹಿತ ಇಟ್ಟುಕೊಂಡು "ಗೆರೆ ದಪ್ಪಗಾಗಿದೆ" ಎಂದು ವಾದಕ್ಕಿಳಿಯುವುದು ಬೇಡ.

ಲಕ್ಷಣ: ರೋಹಿತ ಖಾಲಿ, ಒಂದು ಎಣಿಕೆಯೂ ಇಲ್ಲ

ಮೊದಲು ಆಕರದ ಷಟರ್, ಕೊಲಿಮೇಟರ್ ಮೇಲಿನ ಕೆಂಪು ರಕ್ಷಣಾ ಮುಚ್ಚಳ, ಕೇಬಲ್ ಕೂತಿರುವ ಪೋರ್ಟ್ ನೋಡಿ. ನಂತರ ಥ್ರೆಶೋಲ್ಡ್, ಅಂದರೆ ಎಣಿಕೆಗೆ ಬರುವ ಕನಿಷ್ಠ ಸಂಕೇತದ ಮಿತಿ: ಹಿಂದಿನ ಪರೀಕ್ಷೆಯಲ್ಲಿ ಏರಿಸಿದ್ದು ಹಾಗೇ ಉಳಿದಿರಬಹುದು. ಆಮೇಲೆ ಪ್ರೀಆಂಪ್‌ನ ಪರೀಕ್ಷಾ ತುದಿಗೆ ಪಲ್ಸರ್ (ಗೊತ್ತಿರುವ ಎತ್ತರದ ವಿದ್ಯುತ್ ಮಿಡಿತ ಕೊಡುವ ಉಪಕರಣ) ಹಾಕಿ. ಪಲ್ಸರ್ ಗೆರೆ ಬಂದರೆ ಪ್ರೀಆಂಪ್‌ನಿಂದಾಚೆ ಎಲ್ಲವೂ ಸರಿ ಇದೆ, ದೋಷ ಇರುವುದು ಬಯಾಸ್‌ನಲ್ಲೋ (ಡಿಟೆಕ್ಟರಿಗೆ ಕೊಡುವ ವೋಲ್ಟೇಜ್) ಡಿಟೆಕ್ಟರ್‌ನಲ್ಲೋ. ಬರದಿದ್ದರೆ ಆಸಿಲೋಸ್ಕೋಪ್ ಹಿಡಿದು ಪ್ರೀಆಂಪ್ ಔಟ್‌ಪುಟ್ ನೋಡಿ. ಮರುಹೊಂದಿಕೆಯ ಗರಗಸದಂಥ ಏರಿಳಿತ ಕಾಣಬೇಕು. ಆಸಿಲೋಸ್ಕೋಪ್ ಪರದೆಯ ಗೆರೆ ಒಂದು ತುದಿಗೆ ಅಂಟಿಕೊಂಡಿದ್ದರೆ ಸೋರಿಕೆ ವಿದ್ಯುತ್ (ಕ್ಷ-ಕಿರಣ ಬೀಳದಿದ್ದರೂ ಡಿಟೆಕ್ಟರಿನಲ್ಲಿ ಹರಿಯುವುದು) ವಿಪರೀತವಾಗಿದೆ, ಅಂದರೆ ಡಿಟೆಕ್ಟರ್ ತಂಪಾಗಿಲ್ಲ, ಇಲ್ಲವೇ ಬೆಳಕು ಬೀಳುತ್ತಿದೆ.

ಬಯಾಸ್ ಕೇಬಲನ್ನು ವಿದ್ಯುತ್ ಇರುವಾಗ ಕಿತ್ತು ಹಾಕಬೇಡಿ. ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಇಲ್ಲದೆ ಡಿಟೆಕ್ಟರ್ ಪಿನ್ ಮುಟ್ಟಬೇಡಿ. ಒಳಗಿನ ಸಣ್ಣ ಟ್ರಾನ್ಸಿಸ್ಟರ್ ಒಂದು ಸ್ಪರ್ಶಕ್ಕೆ ಸಾಯುತ್ತದೆ, ಸತ್ತದ್ದು ಹೊರಗಿಂದ ಗೊತ್ತಾಗುವುದಿಲ್ಲ.

ಲಕ್ಷಣ: ಗೆರೆ ಜಾಗ ಬಿಟ್ಟಿದೆ

ನಿನ್ನೆ 590ನೇ ಚಾನೆಲ್‌ನಲ್ಲಿದ್ದ ಮ್ಯಾಂಗನೀಸ್ ಇವತ್ತು 584ರಲ್ಲಿ. ಒಂದೇ ಗೆರೆ ನೋಡಿ ಏನೂ ನಿರ್ಧರಿಸಲಾಗದು, ದೂರದ ಎರಡನೆಯ ಗೆರೆ ಬೇಕು. ಕೆ-ಆಲ್ಫಾ, ಕೆ-ಬೀಟಾ ಎರಡೂ ಅಕ್ಕಪಕ್ಕದ ಮನೆಯವು, ಅವು ಸಾಲವು. ಕಬ್ಬಿಣ-55ರ ಎದುರು ಓರೆಯಾಗಿ ಒಂದು ಶುದ್ಧ ಅಲ್ಯೂಮಿನಿಯಮ್ ಹಾಳೆ ಹಿಡಿದರೆ 1.487 ಕೆಇವಿಯ ಗೆರೆ ಸಿಗುತ್ತದೆ (ನಿರ್ವಾತದಲ್ಲಿ ಮಾತ್ರ). ಅಮೆರಿಸಿಯಮ್-241 ಎಂಬ ಇನ್ನೊಂದು ಆಕರ ಇದ್ದರೆ ಅದು ಕ್ಷಯಿಸಿ ಹುಟ್ಟುವ ನೆಪ್ಟೂನಿಯಮ್‌ನ 13.9 ಕೆಇವಿ ಗೆರೆ ಮೇಲ್ತುದಿಗೆ ಆಧಾರ.

ಒಂದು ಚಾನೆಲ್‌ಗೆ 10 ಇವಿ ಎಂದಿಟ್ಟುಕೊಳ್ಳಿ. ಅಲ್ಯೂಮಿನಿಯಮ್ 149ರಿಂದ 147.5ಕ್ಕೆ, ಮ್ಯಾಂಗನೀಸ್ 590ರಿಂದ 584ಕ್ಕೆ, ನೆಪ್ಟೂನಿಯಮ್ 1,395ರಿಂದ 1,381ಕ್ಕೆ ಇಳಿದಿದ್ದರೆ ಎಲ್ಲವೂ ಶೇ 1ರಷ್ಟೇ ಕುಗ್ಗಿವೆ, ಅದು ಗೇನ್ (ಸಂಕೇತವನ್ನು ಹಿಗ್ಗಿಸುವ ಪಟ್ಟು) ಬದಲಾವಣೆ. ಎಲ್ಲವೂ ತಲಾ 6 ಚಾನೆಲ್ ಇಳಿದಿದ್ದರೆ ಅದು ಆಫ್‌ಸೆಟ್: ಬೇಸ್‌ಲೈನ್ (ಸಂಕೇತ ಇಲ್ಲದಾಗಿನ ಮಟ್ಟ), ಸಂಕೇತವನ್ನು ಅಂಕಿಗೆ ಬದಲಿಸುವ ಎಡಿಸಿಯ ಸೊನ್ನೆ, ಅಥವಾ ಅರ್ತಿಂಗ್. ಎರಡಕ್ಕೂ ಔಷಧ ಬೇರೆ.

ಗೇನ್ ಎಂದಾದರೆ ಮೊದಲ ಪ್ರಶ್ನೆ: ಉಪಕರಣ ಚಾಲೂ ಮಾಡಿ ಎಷ್ಟು ಹೊತ್ತಾಯಿತು? ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ ಬಿಸಿಯೇರಿ ನಿಲ್ಲಲು ಗಂಟೆಗಟ್ಟಲೆ ಬೇಕು. ಹತ್ತು ನಿಮಿಷಕ್ಕೊಂದು ರೋಹಿತ ತೆಗೆದು ಗೆರೆಯ ಜಾಗವನ್ನು ಪೆಟ್ಟಿಗೆಯ ಉಷ್ಣತೆಯ ಎದುರು ಬರೆಯಿರಿ. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಇದು ದೋಷವಲ್ಲ, ಗುಣ. ಉಷ್ಣ-ನಿರ್ವಾತ ಪರೀಕ್ಷೆಯಲ್ಲಿ ಪೂರ್ತಿ ವ್ಯಾಪ್ತಿಗೆ ಅಳೆದು ಕೋಷ್ಟಕ ಮಾಡಬೇಕಾದದ್ದು ಇದನ್ನೇ. ಉಷ್ಣತೆ ಸ್ಥಿರವಿದ್ದೂ ಗೆರೆ ಸರಿದರೆ ಪಲ್ಸರ್ ಹಾಕಿ. ಪಲ್ಸರೂ ಸರಿದರೆ ಎಲೆಕ್ಟ್ರಾನಿಕ್ಸ್: ವಿದ್ಯುತ್ ಸರಬರಾಜು, ಎಡಿಸಿಯ ಉಲ್ಲೇಖ ವೋಲ್ಟೇಜ್ ಅಳೆಯಿರಿ. ಪಲ್ಸರ್ ನಿಂತಲ್ಲೇ ನಿಂತು ಕ್ಷ-ಕಿರಣದ ಗೆರೆ ಮಾತ್ರ ಸರಿದರೆ ದೋಷ ಡಿಟೆಕ್ಟರ್‌ನಲ್ಲಿ, ಬಹುಪಾಲು ಬಯಾಸ್ ಇಳಿದು ಚಾರ್ಜ್ ಪೂರ್ತಿ ಬರುತ್ತಿಲ್ಲ. ಹಾಗಾದಾಗ ಗೆರೆಯ ಎಡಗಡೆ ಒಂದು ಬಾಲವೂ ಬೆಳೆದಿರುತ್ತದೆ.

ಇನ್ನೊಂದು ಸುಲಭ ಪರೀಕ್ಷೆ: ಆಕರವನ್ನು ಎರಡು ಪಟ್ಟು ದೂರ ಸರಿಸಿ, ಎಣಿಕೆ ನಾಲ್ಕನೇ ಒಂದಾಗಲಿ. ಗೆರೆ ಜಾಗ ಬದಲಿಸಿದರೆ ಬೇಸ್‌ಲೈನ್ ಎಣಿಕೆಯ ದರಕ್ಕೆ ಬಗ್ಗುತ್ತಿದೆ. ಸೂರ್ಯನನ್ನು ನೋಡುವ ಉಪಕರಣದಲ್ಲಿ ಇದನ್ನು ನಿರ್ಲಕ್ಷಿಸುವಂತಿಲ್ಲ. ಸೌರಜ್ವಾಲೆ ಎದ್ದಾಗ ದರ ಸಾವಿರಾರು ಪಟ್ಟು ಏರುತ್ತದೆ.

ಲಕ್ಷಣ: ಗೆರೆ ದಪ್ಪಗಾಗಿದೆ

ಅತಿ ಹೆಚ್ಚು ಎದುರಾಗುವ ದೂರು ಇದು, ಕಾರಣಗಳೂ ಅತಿ ಹೆಚ್ಚು. ಮೊದಲು ಸಂಖ್ಯೆಯನ್ನು ಸರಿಯಾಗಿ ಓದಬೇಕು. ಅಗಲಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. 150 ಇವಿ ಗೆರೆಯಲ್ಲಿ 120 ಸಿಲಿಕಾನ್‌ನ ಸಹಜ ಪಾಲು ಹೀಗೆ ಕಳೆದರೆ ಉಳಿಯುವ ವಿದ್ಯುತ್ ಗದ್ದಲ 90. ಗೆರೆ 180ಕ್ಕೆ ಏರಿದಾಗ ಗದ್ದಲ 134. ಅಂದರೆ ಗೆರೆ ಬರೀ ಶೇ 20 ದಪ್ಪಗಾದಂತೆ ಕಂಡರೂ ಗದ್ದಲ ಒಂದೂವರೆ ಪಟ್ಟಾಗಿದೆ. 5.9 ಕೆಇವಿಯಲ್ಲಿ "ಪರವಾಗಿಲ್ಲ" ಅನ್ನಿಸುವ ಇದೇ ಗದ್ದಲ 1 ಕೆಇವಿ ಆಸುಪಾಸಿನಲ್ಲಿ ಗೆರೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಪೈಸೆ ಖರ್ಚಿಲ್ಲದ ಪರೀಕ್ಷೆಗಳು ಮೊದಲು. ಕೋಣೆಯ ದೀಪ ಆರಿಸಿ, ಉಪಕರಣದ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ. ಗೆರೆ ಸಪೂರವಾದರೆ ಬೆಳಕು ಸೋರುತ್ತಿದೆ. ಬೆರಿಲಿಯಮ್ ಕಿಟಕಿ ಬೆಳಕು ಬಿಡುವುದಿಲ್ಲ ಎಂಬ ನಂಬಿಕೆ ಸರಿಯೇ, ಆದರೆ ಸೂಜಿಮೊನೆಯ ರಂಧ್ರ ಸಾಕು. ಪಿನ್‌ಗಳ ಸುತ್ತ, ಅಂಟಿನ ಅಂಚಿನಲ್ಲೂ ಬೆಳಕು ನುಸುಳುತ್ತದೆ. ನಿರ್ವಾತ ಕೋಣೆಯೊಳಗೆ ದೀಪವೇ ಇಲ್ಲವಲ್ಲ ಎನ್ನಬೇಡಿ: ಬಿಸಿ ತಂತಿಯ ಒತ್ತಡ ಮಾಪಕ ಒಳ್ಳೇ ದೀಪದಂತೆಯೇ ಉರಿಯುತ್ತದೆ, ಚಲಿಸುವ ಮೇಜಿನ ಎನ್‌ಕೋಡರ್‌ನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಎಲ್ಇಡಿ ಇರುತ್ತದೆ, ಸಿಲಿಕಾನ್‌ಗೆ ಅದು ಚೆನ್ನಾಗಿ ಕಾಣುತ್ತದೆ. ಎರಡನ್ನೂ ಆರಿಸಿ ನೋಡಿ. ಬೆಳಕಿನ ಸೋರಿಕೆ ಎಷ್ಟು ದೊಡ್ಡ ತಲೆನೋವು ಎಂಬುದಕ್ಕೆ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ನೈಸರ್ ಕ್ಷ-ಕಿರಣ ದೂರದರ್ಶಕ ಸಾಕ್ಷಿ. ಅದರಲ್ಲೂ ಇದೇ ಬಗೆಯ ಡಿಟೆಕ್ಟರ್‌ಗಳಿವೆ. 2023ರ ಮೇನಲ್ಲಿ ಅದರ ಮುಂದಿನ ತೆಳು ಪರದೆಗಳು ಹರಿದು ಬಿಸಿಲು ಒಳನುಗ್ಗಿತು, ಹಗಲಿನ ವೀಕ್ಷಣೆಗೆ ದೊಡ್ಡ ಪೆಟ್ಟು ಬಿತ್ತು. 2025ರ ಜನವರಿಯಲ್ಲಿ ಗಗನಯಾತ್ರಿ ಹೊರಗೆ ಹೋಗಿ ತೇಪೆ ಹಾಕಬೇಕಾಯಿತು. ಒಂಟಿಯಾಗಿ ಹಾರುವ ಸಣ್ಣ ಉಪಗ್ರಹಕ್ಕೆ ಆ ಭಾಗ್ಯವಿಲ್ಲ.

ಎರಡನೆಯದು ಉಷ್ಣತೆ. ಸಿಲಿಕಾನ್‌ನ ಸೋರಿಕೆ ವಿದ್ಯುತ್ ಸುಮಾರು 7–8 ಡಿಗ್ರಿ ಸೆಲ್ಸಿಯಸ್ ಏರಿದರೆ ಇಮ್ಮಡಿಯಾಗುತ್ತದೆ. ಮೈನಸ್ 35 ಇರಬೇಕಾದಲ್ಲಿ ಮೈನಸ್ 20 ಇದ್ದರೆ ನಾಲ್ಕು ಪಟ್ಟು. ಮೇಜಿನ ಮೇಲೆ ಚೆನ್ನಾಗಿದ್ದ ಉಪಕರಣ ನಿರ್ವಾತದಲ್ಲಿ ಕೆಟ್ಟರೆ ಪೆಲ್ಟಿಯರ್‌ನ ಬಿಸಿ ಬದಿಯನ್ನು ಅನುಮಾನಿಸಿ. ಗಾಳಿ ಇದ್ದಾಗ ಆ ಶಾಖವನ್ನು ಗಾಳಿಯೇ ಒಯ್ಯುತ್ತಿತ್ತು, ಈಗ ದಾರಿ ಒಂದೇ, ಲೋಹದ ಮೂಲಕ. ತಿರುಪುಗಳು ಸಡಿಲವಿವೆಯೇ, ನಡುವಿನ ಶಾಖವಾಹಕ ಹಾಳೆ ಕೂತಿದೆಯೇ ನೋಡಿ. ಪೆಲ್ಟಿಯರ್‌ಗೆ ಇನ್ನಷ್ಟು ವಿದ್ಯುತ್ ಕೊಡುವುದು ಪರಿಹಾರವಲ್ಲ, ಒಂದು ಮಿತಿ ದಾಟಿದ ಮೇಲೆ ಅದು ತಂಪಾಗಿಸುವುದಕ್ಕಿಂತ ತನ್ನನ್ನೇ ಬಿಸಿ ಮಾಡಿಕೊಳ್ಳುತ್ತದೆ. 2004ರಲ್ಲಿ ಹಾರಿದ ಸ್ವಿಫ್ಟ್‌ನ ಕ್ಷ-ಕಿರಣ ದೂರದರ್ಶಕದಲ್ಲಿ ಕೂಲರ್‌ನ ವಿದ್ಯುತ್ ಸರಬರಾಜೇ ಉಡಾವಣೆಯ ನಂತರ ಕೆಟ್ಟಿತು, ಉಪಗ್ರಹದ ಮುಖ ತಿರುಗಿಸಿ ನೆರಳಿನಲ್ಲಿ ತಂಪು ಕಾಯ್ದುಕೊಳ್ಳುತ್ತ ಅದು ಕೆಲಸ ಮಾಡಿತು. ಹಾಗಾಗಿ ಕೂಲರ್ ಇಲ್ಲದೆಯೂ, ಬೆಚ್ಚಗಿನ ಡಿಟೆಕ್ಟರ್‌ನಲ್ಲೂ ಒಂದು ಪೂರ್ತಿ ಕ್ಯಾಲಿಬ್ರೇಶನ್ ಮಾಡಿಟ್ಟುಕೊಳ್ಳಿ. ಮೇಲೆ ಹೋದ ಮೇಲೆ ಬೇಕಾದರೆ ಅದೊಂದೇ ಆಸರೆ.

ಮೂರನೆಯದು ಅರ್ತಿಂಗ್ ಮತ್ತು ಅಲುಗಾಟ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಆಸಿಲೋಸ್ಕೋಪ್‌ನಲ್ಲಿ ಬೇಸ್‌ಲೈನ್ 20 ಮಿಲಿಸೆಕೆಂಡಿಗೊಮ್ಮೆ ತೂಗಾಡುತ್ತಿದ್ದರೆ ಅದು ಗೋಡೆಯ 50 ಹರ್ಟ್ಜ್, ಎರಡು ಕಡೆ ಅರ್ತಿಂಗ್ ಆಗಿ ಸುತ್ತು ಬಿದ್ದಿದೆ. ನಂತರ ಕವಾಟ ಮುಚ್ಚಿ, ಕೋಣೆಯ ಗಾಳಿ ಹೊರಹಾಕುವ ರಫಿಂಗ್ ಪಂಪನ್ನು ಹತ್ತು ನಿಮಿಷ ನಿಲ್ಲಿಸಿ ಒಂದು ರೋಹಿತ ತೆಗೆಯಿರಿ, ಆಮೇಲೆ ಚಿಲ್ಲರ್ ನಿಲ್ಲಿಸಿ. ಯಾವುದನ್ನು ನಿಲ್ಲಿಸಿದಾಗ ಗೆರೆ ಸಪೂರವಾಯಿತೋ ಅಲ್ಲಿಂದ ಅಲುಗಾಟ ಬರುತ್ತಿದೆ. ಹಾಗಿದ್ದರೆ ತಪ್ಪು ಪರೀಕ್ಷಾ ವ್ಯವಸ್ಥೆಯದು. ಕಕ್ಷೆಯಲ್ಲಿ ಪಂಪ್ ಇರುವುದಿಲ್ಲ. ಆದರೆ ಉಪಗ್ರಹದ ಮುಖ ತಿರುಗಿಸುವ ರಿಯಾಕ್ಷನ್ ವೀಲ್ ಇರುತ್ತದೆ, ಅದನ್ನು ಮರೆಯಬೇಡಿ.

ಇಷ್ಟಾದರೂ ಗೆರೆ ದಪ್ಪವೇ ಇದ್ದರೆ ಪೀಕಿಂಗ್ ಟೈಮ್ (ಒಂದು ಸಂಕೇತ ಶಿಖರ ಮುಟ್ಟಲು ಕೊಡುವ ಹೊತ್ತು) ಬದಲಿಸುತ್ತ ಹೋಗಿ. ಉದ್ದ ಮಾಡಿದಷ್ಟೂ ಕೆಡುತ್ತಿದ್ದರೆ ಸೋರಿಕೆ ವಿದ್ಯುತ್ ಅಥವಾ ನಿಧಾನಗತಿಯ ಅಲುಗಾಟ. ಗಿಡ್ಡ ಮಾಡಿದಷ್ಟೂ ಕೆಡುತ್ತಿದ್ದರೆ ಪ್ರೀಆಂಪ್‌ನ ಮೊದಲ ಟ್ರಾನ್ಸಿಸ್ಟರ್, ಅಥವಾ ಅದರ ಇನ್‌ಪುಟ್‌ಗೆ ಎಲ್ಲಿಂದಲೋ ಅಂಟಿದ ಹೆಚ್ಚುವರಿ ಕೆಪ್ಯಾಸಿಟೆನ್ಸ್. ಎಲ್ಲ ಪೀಕಿಂಗ್ ಟೈಮ್‌ನಲ್ಲೂ ಅಷ್ಟೇ ದಪ್ಪ, ಪಲ್ಸರ್ ಗೆರೆ ಮಾತ್ರ ಸಪೂರ ಎಂದಾದರೆ ಗದ್ದಲದ ಸಮಸ್ಯೆಯೇ ಅಲ್ಲ. ದೀರ್ಘ ರೋಹಿತವನ್ನು ಹತ್ತು ತುಂಡು ಮಾಡಿ ಒಂದೊಂದರ ಕೇಂದ್ರ ನೋಡಿ. ಗೇನ್ ಮೆಲ್ಲಗೆ ಸರಿಯುತ್ತಿದ್ದು, ಸಪೂರ ಗೆರೆಗಳೇ ಒಂದರ ಮೇಲೊಂದು ಕೂತು ದಪ್ಪ ಕಾಣುತ್ತಿರಬಹುದು.

ಇಲ್ಲಿ ನಿಲ್ಲಿಸಬೇಕಾದ ಸೂಚನೆ: ಪೆಲ್ಟಿಯರ್ ಹಿಂದಿಗಿಂತ ಹೆಚ್ಚು ವಿದ್ಯುತ್ ಎಳೆಯುತ್ತಿದೆ, ಆದರೂ ಮೇಜಿನ ಮೇಲೆ ಹಳೆಯ ಉಷ್ಣತೆಗೆ ಇಳಿಯುತ್ತಿಲ್ಲ, ತಿರುಪುಗಳೆಲ್ಲ ಬಿಗಿ ಇವೆ. ಹಾಗಾದರೆ ಮುದ್ರೆ ಹಾಕಿದ ಡಿಟೆಕ್ಟರ್ ಡಬ್ಬಿಯೊಳಗಿನ ನಿರ್ವಾತ ಹೋಗಿದೆ. ಕಿಟಕಿಯಲ್ಲಿ ಬಿರುಕು ಇರಬಹುದು. ಇದನ್ನು ಪ್ರಯೋಗಾಲಯದಲ್ಲಿ ಸರಿಮಾಡಲಾಗದು. ಕೂಲರ್ ಆರಿಸಿ, ತಯಾರಕರನ್ನು ಸಂಪರ್ಕಿಸಿ, ಬದಲಿ ಡಿಟೆಕ್ಟರ್ ತೆಗೆಯಿರಿ.

ಲಕ್ಷಣ: ಕರೆಯದೆ ಬಂದ ಗೆರೆಗಳು

ಹೊಸ ಗೆರೆ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಗೆರೆ ಹುಟ್ಟಿಸುವಷ್ಟು ಶಕ್ತಿ ಆಕರದಲ್ಲಿದೆಯೇ?

4.15 ಕೆಇವಿ: ಸಿಲಿಕಾನ್ ಎಸ್ಕೇಪ್ ಶಿಖರ. 5.895ರಿಂದ ಸಿಲಿಕಾನ್‌ನ 1.740 ತಪ್ಪಿಸಿಕೊಂಡು ಹೋದದ್ದು. ಮುಖ್ಯ ಗೆರೆಯ ಶೇ 1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇದು ಇರುವುದು ಆರೋಗ್ಯದ ಲಕ್ಷಣ.

11.8 ಕೆಇವಿ: ಎರಡು ಫೋಟಾನ್ ಒಟ್ಟಿಗೆ ಬಿದ್ದು ಒಂದಾಗಿ ಎಣಿಕೆಯಾದದ್ದು, ಪೈಲ್-ಅಪ್. ಆಕರ ದೂರ ಸರಿಸಿದರೆ ಮುಖ್ಯ ಗೆರೆಗಿಂತ ವೇಗವಾಗಿ ಇಳಿಯುತ್ತದೆ. ಇಳಿಯದಿದ್ದರೆ ಅದು ಪೈಲ್-ಅಪ್ ಅಲ್ಲ.

2.96 ಕೆಇವಿ: ಆರ್ಗಾನ್. ನಡುವೆ ಗಾಳಿ ಇದೆ. ನಿರ್ವಾತದಲ್ಲಿ ಮಾಡುತ್ತಿದ್ದೇವೆ ಎಂದುಕೊಂಡಿದ್ದಾಗ ಇದು ಕಂಡರೆ ಮಾಪಕ ನಂಬಬೇಡಿ, ಗೆರೆಯನ್ನು ನಂಬಿ.

4.51 ಟೈಟಾನಿಯಮ್, 2.62 ಕ್ಲೋರಿನ್: ಕಬ್ಬಿಣ-55 ಇವೆರಡನ್ನೂ ಹೊಮ್ಮಿಸಬಲ್ಲದು. ಟೈಟಾನಿಯಮ್ ತಿರುಪು, ಬ್ರಾಕೆಟ್‌ನಿಂದ ಬರುತ್ತದೆ. ಕ್ಲೋರಿನ್ ಬಂದರೆ ಒಳಗೆ ಯಾರೋ ಪಿವಿಸಿ ಹೊದಿಕೆಯ ತಂತಿ ಅಥವಾ ಟೇಪ್ ಬಿಟ್ಟಿದ್ದಾರೆ. ನಿರ್ವಾತದಲ್ಲಿ ಆವಿ ಬಿಡುವ ವಸ್ತು ಅದು, ಹುಡುಕಿ ತೆಗೆಯಲೇಬೇಕು.

6.40 ಕಬ್ಬಿಣ, 8.05 ತಾಮ್ರ, 9.71 ಚಿನ್ನ, 10.55 ಮತ್ತು 12.6 ಸೀಸ: ಇಲ್ಲಿ ಎಚ್ಚರ. ಕಬ್ಬಿಣ-55ರ 5.9 ಕೆಇವಿ ಇವುಗಳಲ್ಲಿ ಯಾವುದನ್ನೂ ಹೊಮ್ಮಿಸಲಾರದು. ಕಬ್ಬಿಣದ ಗೆರೆಗೇ 7.1 ಕೆಇವಿಗಿಂತ ಹೆಚ್ಚು ಬೇಕು. ಕಬ್ಬಿಣ-55 ಮಾತ್ರ ಇರುವಾಗ ತಾಮ್ರ ಕಂಡರೆ ಕೋಣೆಯಲ್ಲಿ ಇನ್ನೊಂದು ಆಕರ ಇದೆ: ಮುಚ್ಚದೆ ಬಿಟ್ಟ ಅಮೆರಿಸಿಯಮ್ ಡಬ್ಬಿ, ಅಥವಾ ಪಕ್ಕದ ಟ್ಯೂಬ್. ಕೆಲಸ ನಿಲ್ಲಿಸಿ, ಮೊದಲು ಅದನ್ನು ಪತ್ತೆ ಮಾಡಿ. ಇದು ರೋಹಿತದ ಪ್ರಶ್ನೆಗಿಂತ ಮೊದಲು ಮನುಷ್ಯರ ಸುರಕ್ಷತೆಯ ಪ್ರಶ್ನೆ.

ಟ್ಯೂಬ್ ಅಥವಾ ಅಮೆರಿಸಿಯಮ್ ಬಳಸುವಾಗ ತಾಮ್ರ, ಚಿನ್ನ ಕಾಣುವುದು ಸಹಜ, ಅವು ಸರ್ಕಿಟ್ ಬೋರ್ಡ್ ಮತ್ತು ಲೇಪನಗಳಿಂದ ಬರುತ್ತವೆ. ಆದರೂ ಪ್ರತಿ ಗೆರೆಯ ಹುಟ್ಟೂರು ಬರೆದಿಟ್ಟುಕೊಳ್ಳಿ. ಕಕ್ಷೆಯಲ್ಲಿ ವಿಶ್ವಕಿರಣಗಳು ಇದೇ ಭಾಗಗಳಿಗೆ ಬಡಿದು ಇದೇ ಗೆರೆಗಳನ್ನು ಎಬ್ಬಿಸುತ್ತವೆ, ಆಗ ನಕ್ಷತ್ರದ ಕಬ್ಬಿಣಕ್ಕೂ ಬ್ರಾಕೆಟ್‌ನ ಕಬ್ಬಿಣಕ್ಕೂ ವ್ಯತ್ಯಾಸ ಹೇಳಬೇಕಾದವರು ನೀವೇ.

ಲಕ್ಷಣ: ಎಣಿಕೆ ಇರಬೇಕಾದಷ್ಟಿಲ್ಲ

"ಇರಬೇಕಾದಷ್ಟು" ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಕಬ್ಬಿಣ-55ರಲ್ಲಿ ನೂರು ಕ್ಷಯಕ್ಕೆ ಸುಮಾರು 25 ಕೆ-ಆಲ್ಫಾ ಫೋಟಾನ್. 3.7 ಮೆಗಾಬೆಕರೆಲ್ ಆಕರ, 10 ಸೆಂಟಿಮೀಟರ್ ದೂರ, 25 ಚದರ ಮಿಲಿಮೀಟರ್ ಡಿಟೆಕ್ಟರ್ ಎಂದರೆ ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 180. ಆಕರ ತಾನೇ ನುಂಗಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಹಾಗಾಗಿ ನಿಜವಾದದ್ದು ಕಡಿಮೆಯೇ.

ಆಕರದ ಚೀಟಿಯ ಮೇಲಿನ ತಾರೀಖು ನೋಡಿ. ಕಬ್ಬಿಣ-55ರ ಅರ್ಧಾಯು ಸುಮಾರು 2.7 ವರ್ಷ. ಒಂದೇ ವರ್ಷದಲ್ಲಿ ಶೇ 22 ಹೋಗುತ್ತದೆ, ಎರಡು ವರ್ಷದಲ್ಲಿ ಶೇ 40. "ಡಿಟೆಕ್ಟರ್ ಮುದಿಯಾಯಿತು" ಎಂದು ಬರೆದ ಎಷ್ಟೋ ವರದಿಗಳಲ್ಲಿ ಮುದಿಯಾಗಿರುವುದು ಆಕರ. ನಂತರ ದೂರ: 10 ಸೆಂಟಿಮೀಟರಿನಲ್ಲಿ 1 ಮಿಲಿಮೀಟರ್ ತಪ್ಪಿದರೆ ಎಣಿಕೆ ಶೇ 2 ತಪ್ಪುತ್ತದೆ. ಕೈಯಲ್ಲಿ ಹಿಡಿದೋ ಟೇಪ್ ಹಚ್ಚಿಯೋ ಇಡುವುದನ್ನು ಬಿಟ್ಟು ಗುಣಿ ಕೊರೆದ ಒಂದು ಹಿಡಿಕೆ ಮಾಡಿಸಿ. ನಂತರ ಡೆಡ್ ಟೈಮ್ (ಒಂದನ್ನು ಎಣಿಸುವಾಗ ಇನ್ನೊಂದಕ್ಕೆ ಕುರುಡಾಗಿರುವ ಹೊತ್ತು): ಒಂದು ಘಟನೆಗೆ 10 ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿಗೆ ಸಾವಿರದಲ್ಲಿ ಶೇ 1 ನಷ್ಟ, ಹತ್ತು ಸಾವಿರದಲ್ಲಿ ಶೇ 10.

ಇನ್ನು ಗಾಳಿ. 10 ಸೆಂಟಿಮೀಟರ್ ಗಾಳಿಯಲ್ಲಿ 5.9 ಕೆಇವಿ ಕಿರಣಗಳ ಕಾಲು ಭಾಗ ಕರಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಸುಮಾರು ಶೇ 10 ತೆಳು. ಇಲ್ಲಿ ಶೇ 77 ಕಿರಣಗಳು ಗಾಳಿ ದಾಟಿ ಬಂದರೆ ಶ್ರೀಹರಿಕೋಟಾದಲ್ಲಿ ಶೇ 75. ಬೆಂಗಳೂರಿನಲ್ಲಿ ಸರಿಯಿದ್ದ ಉಪಕರಣ ಉಡಾವಣಾ ನೆಲೆಯ ಕೊನೆಯ ತಪಾಸಣೆಯಲ್ಲಿ ಶೇ 2–3 ಕಡಿಮೆ ತೋರಿದರೆ ಅದು ಸಮುದ್ರಮಟ್ಟದ ಗಾಳಿಯ ಪಾಲು. ತಪಾಸಣೆಯ ಚೀಟಿಯಲ್ಲಿ ಆ ದಿನದ ಒತ್ತಡ, ಉಷ್ಣತೆ ಎರಡೂ ಇರಲಿ.

ಈ ನಾಲ್ಕೂ ಸರಿಯಿದ್ದರೆ ಅನುಪಾತದ ಪರೀಕ್ಷೆ ಮಾಡಿ: ಅಲ್ಯೂಮಿನಿಯಮ್ ಗೆರೆಯ ಎಣಿಕೆಯನ್ನು ಮ್ಯಾಂಗನೀಸ್ ಗೆರೆಯ ಎಣಿಕೆಯಿಂದ ಭಾಗಿಸಿ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅನುಪಾತ ಬದಲಾಗದು, ಕಾರಣ ಜ್ಯಾಮಿತಿ: ಕೊಲಿಮೇಟರ್ ಓರೆಯಾಗಿದೆ, ಏನೋ ಅಡ್ಡ ಬಂದಿದೆ. ಅನುಪಾತ ಕುಸಿದಿದ್ದರೆ ಕಿರಣದ ದಾರಿಯಲ್ಲಿ ಏನೋ ಸೇರಿಕೊಂಡು ದುರ್ಬಲ ಕಿರಣಗಳನ್ನಷ್ಟೇ ನುಂಗುತ್ತಿದೆ. ಒಂದು ಮೀಟರ್ ದಾರಿಯಲ್ಲಿ ಬರೀ 1 ಮಿಲಿಬಾರ್ ಗಾಳಿ ಉಳಿದಿದ್ದರೂ ಅಲ್ಯೂಮಿನಿಯಮ್ ಗೆರೆಯ ಸುಮಾರು ಶೇ 13 ಹೋಗುತ್ತದೆ, ಮ್ಯಾಂಗನೀಸ್‌ಗೆ ಅದರ ಅರಿವೇ ಆಗದು. ತಣ್ಣಗಿನ ಮೇಲ್ಮೈ ಮೇಲೆ 1 ಮೈಕ್ರಾನ್ ಹಿಮ ಕಟ್ಟಿದರೂ ನಷ್ಟ ಹೆಚ್ಚುಕಡಿಮೆ ಅಷ್ಟೇ.

ಬೇರೆಬೇರೆ ಹೊತ್ತಿನಲ್ಲಿ ಅಳೆದಾಗ ಅನುಪಾತ ಮೆಲ್ಲಮೆಲ್ಲಗೆ ಇಳಿಯುತ್ತ ಹೋದರೆ ಅದು ಹಿಮ ಅಥವಾ ಕೋಣೆಯೊಳಗಿನ ಎಣ್ಣೆ, ಅಂಟಿನ ಆವಿ. ಡಿಟೆಕ್ಟರ್ ಬೆಚ್ಚಗೆ ಮಾಡಿ ಮತ್ತೆ ಅಳೆಯಿರಿ. ಅನುಪಾತ ಮರಳಿದರೆ ಹಿಮವೇ. ಪೂರ್ತಿ ಮರಳದಿದ್ದರೆ ಮಾಲಿನ್ಯ ತಜ್ಞರನ್ನು ಕರೆಯುವ ಹೊತ್ತು, ಒರೆಸುವ ಹೊತ್ತಲ್ಲ. ಚಂದ್ರಾ ದೂರದರ್ಶಕದ ಕ್ಯಾಮೆರಾದ ತಣ್ಣಗಿನ ಫಿಲ್ಟರ್ ಮೇಲೆ ಹೀಗೆಯೇ ಪದರ ಕಟ್ಟುತ್ತ ಬಂದು ಅದರ ದುರ್ಬಲ ಕಿರಣಗಳ ನೋಟ ವರ್ಷದಿಂದ ವರ್ಷಕ್ಕೆ ಮಸುಕಾಗಿದೆ. ಮುಚ್ಚಳಗಳೂ ಇದೇ ಲೆಕ್ಕಕ್ಕೆ ಬರುತ್ತವೆ: 2023ರಲ್ಲಿ ಹಾರಿದ ಎಕ್ಸ್‌ರಿಸಮ್ ಕ್ಷ-ಕಿರಣ ಉಪಗ್ರಹದ ಒಂದು ಉಪಕರಣದ ಬೆರಿಲಿಯಮ್ ಕಿಟಕಿಯ ಕವಾಟ ತೆರೆಯಲೇ ಇಲ್ಲ, ಸುಮಾರು 1.7 ಕೆಇವಿಗಿಂತ ಕೆಳಗಿನದ್ದು ಅದಕ್ಕೆ ಸಿಗುತ್ತಿಲ್ಲ. ನಿಮ್ಮ ಉಪಕರಣಕ್ಕೆ ತೆರೆಯುವ ಮುಚ್ಚಳ ಇದ್ದರೆ, ಮುಚ್ಚಿರುವಾಗಲೂ ಒಮ್ಮೆ ಪೂರ್ತಿ ಕ್ಯಾಲಿಬ್ರೇಟ್ ಮಾಡಿ.

ಕಿಟಕಿಯ ದಪ್ಪವೂ ಇಲ್ಲೇ ಬಯಲಾಗುತ್ತದೆ. 8 ಮೈಕ್ರಾನ್ ಬೆರಿಲಿಯಮ್ 1.5 ಕೆಇವಿಯಲ್ಲಿ ಸುಮಾರು ಶೇ 77 ಬಿಡುತ್ತದೆ, 25 ಮೈಕ್ರಾನ್ ಶೇ 44 ಮಾತ್ರ. 1 ಕೆಇವಿಯಲ್ಲಿ ಅದು ಶೇ 41 ಮತ್ತು ಶೇ 6. ಮೊದಲ ದಿನದಿಂದಲೇ ಅನುಪಾತ ಲೆಕ್ಕಕ್ಕೆ ಬರುತ್ತಿಲ್ಲ ಎಂದರೆ ಬಂದಿರುವ ಡಿಟೆಕ್ಟರ್ ನೀವು ಬಯಸಿದ ಕಿಟಕಿಯದ್ದೇ ಎಂದು ಕ್ರಮಸಂಖ್ಯೆ ಹಿಡಿದು ನೋಡಿ.

ಒಂದು ಮಿತಿ ನೆನಪಿರಲಿ. ಮಾರಾಟದ ಆಕರದ ಬಲ ಚೀಟಿಯಲ್ಲಿ ಬರೆದದ್ದಕ್ಕಿಂತ ಶೇ 10ರಷ್ಟು ಆಚೀಚೆ ಇರುವುದು ಮಾಮೂಲು. ಆದ್ದರಿಂದ ಪರಿಣಾಮಕಾರಿ ವಿಸ್ತೀರ್ಣವನ್ನು (ಉಪಕರಣ ನಿಜಕ್ಕೂ ಕಿರಣ ಹಿಡಿಯುವಷ್ಟು ವಿಸ್ತೀರ್ಣ) ಬಿಲ್ಲೆಯಿಂದ ನಿರ್ಧರಿಸಬೇಡಿ. ಅದಕ್ಕೆ ಬಲ ಗೊತ್ತಿರುವ ಕಿರಣಪುಂಜ ಬೇಕು. ಮಿನ್‌ಎಕ್ಸ್‌ಎಸ್‌ಎಸ್ ತಂಡ ಅಮೆರಿಕದ ಮಾನಕ ಸಂಸ್ಥೆಯ ಸರ್ಫ್ ಸಿಂಕ್ರೊಟ್ರಾನ್‌ಗೆ ಹೋಯಿತು. ನಮ್ಮಲ್ಲಿ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಸಮಯ ಸಿಗುವುದು ಕಷ್ಟ, ಹಾಗಾಗಿ ಮೇಲಿನ ದೋಷಗಳನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಿ.

ಲಕ್ಷಣ: ಕನ್ನಡಿಯ ಚುಕ್ಕೆ ಹರಡಿದೆ

ಕೊಲಿಮೇಟರ್ ಮಾತ್ರ ಇರುವವರು ಈ ಭಾಗ ದಾಟಬಹುದು.

ಚುಕ್ಕೆಯ ಬದಲು ಬಳೆ ಕಂಡರೆ ಫೋಕಸ್ ತಪ್ಪಿದೆ, ಆದರೆ ಕನ್ನಡಿಯನ್ನು ಬೈಯಬೇಡಿ. ನಕ್ಷತ್ರ ಅನಂತ ದೂರದಲ್ಲಿದೆ, ನಿಮ್ಮ ಆಕರ ಇಲ್ಲ. ಆಸ್ಟ್ರೋಸ್ಯಾಟ್‌ನ ಎಸ್‌ಎಕ್ಸ್‌ಟಿಯಂತೆ 2 ಮೀಟರ್ ನಾಭಿದೂರವಿದ್ದು ಆಕರ 120 ಮೀಟರಿನಲ್ಲಿದ್ದರೆ ಫೋಕಸ್ 34 ಮಿಲಿಮೀಟರ್ ಹಿಂದೆ ಹೋಗುತ್ತದೆ. ಇದನ್ನು ಗಮನಿಸದೆ ಡಿಟೆಕ್ಟರನ್ನೇ ಅಲ್ಲಿಗೆ ಸರಿಸಿ ಬಿಗಿದರೆ ಕಕ್ಷೆಯಲ್ಲಿ ಶಾಶ್ವತವಾಗಿ ಮಸುಕು. ಜರ್ಮನಿಯ ಪ್ಯಾಂಟರ್ ಪರೀಕ್ಷಾ ಕೇಂದ್ರದ ಕೊಳವೆ, ಚಂದ್ರಾ ದೂರದರ್ಶಕವನ್ನು ಅಳೆದ ಅಮೆರಿಕದ ಹಂಟ್ಸ್‌ವಿಲ್‌ನ 518 ಮೀಟರ್ ಕೊಳವೆ ಅಷ್ಟುದ್ದ ಇರುವುದು ಈ ತೊಡಕು ತಗ್ಗಿಸಲೆಂದೇ.

ಚುಕ್ಕೆ ಒಂದೇ ಕಡೆಗೆ ಉದ್ದವಾಗಿದ್ದರೆ ದೂರದರ್ಶಕವನ್ನು ಅದರ ಅಕ್ಷದ ಮೇಲೆ 90 ಡಿಗ್ರಿ ತಿರುಗಿಸಿ. ಉದ್ದ ದೂರದರ್ಶಕದ ಜೊತೆಗೇ ತಿರುಗಿದರೆ ಕನ್ನಡಿಯ ಜೋಡಣೆಯಲ್ಲಿ ಓರೆ ಇದೆ. ನೆಲದ ಕಡೆಗೇ ಉಳಿದರೆ ಅದು ಗುರುತ್ವದ ಬಾಗು, ಕಕ್ಷೆಯಲ್ಲಿ ಇರುವುದಿಲ್ಲ. ಓರೆ ಎಂದಾದರೆ ಶಿಮ್ (ತೆಳು ಅಡಿಪಟ್ಟಿ) ಹಾಕುವ ಕೆಲಸ ಕನ್ನಡಿ ಜೋಡಿಸಿದವರದು, ಕ್ಯಾಲಿಬ್ರೇಶನ್ ತಂಡದ್ದಲ್ಲ.

ಲಕ್ಷಣ: ಕಂಪನ ಪರೀಕ್ಷೆಯ ನಂತರ ಏನೋ ಬದಲಾಗಿದೆ

ಹೋಲಿಕೆ ನ್ಯಾಯವಾಗಿದೆಯೇ ಎಂದು ಮೊದಲು ನೋಡಿ: ಅದೇ ಆಕರ, ಅದೇ ಹಿಡಿಕೆ, ಅದೇ ಉಷ್ಣತೆ, ಅದೇ ಪೀಕಿಂಗ್ ಟೈಮ್, ನಡುವಿನ ದಿನಗಳ ಕ್ಷಯದ ತಿದ್ದುಪಡಿ. ವ್ಯತ್ಯಾಸ ಅಂಕಿಅಂಶದ ಅನಿಶ್ಚಿತತೆಯ ಮೂರು ಪಟ್ಟಿನೊಳಗಿದ್ದರೆ ಎಣಿಕೆ ಹೆಚ್ಚಿಸಿ ಮತ್ತೊಮ್ಮೆ ಅಳೆಯಿರಿ.

ಗೆರೆ ಸರಿಯಿದ್ದು ಎಣಿಕೆ ಮಾತ್ರ ಇಳಿದಿದ್ದರೆ ಕೊಲಿಮೇಟರ್ ಸರಿದಿದೆ. ಆಕರವನ್ನು ಅಡ್ಡಕ್ಕೂ ಉದ್ದಕ್ಕೂ ಸಣ್ಣ ಹೆಜ್ಜೆಗಳಲ್ಲಿ ಸರಿಸಿ ಎಣಿಕೆಯ ಗುಡ್ಡವನ್ನು ಬಿಡಿಸಿ, ಅದರ ನೆತ್ತಿ ಹಿಂದಿನ ಜಾಗದಲ್ಲಿದೆಯೇ ನೋಡಿ. ಗುಡ್ಡದ ಆಕಾರ ಹಾಗೇ ಇದ್ದು ನೆತ್ತಿ ಸರಿದಿದ್ದರೆ, ಮತ್ತು ಆ ಸರಿತ ಎರಡನೆಯ ಕಂಪನದ ನಂತರ ಬೆಳೆಯದಿದ್ದರೆ, ಹೊಸ ಅಕ್ಷವನ್ನು ದಾಖಲಿಸಿ ಮುಂದುವರಿಯಬಹುದು. ಕಾರಣ ತಿಳಿದು ಹಾಕುವ ತಿದ್ದುಪಡಿ ಎಂದರೆ ಇದು. ಬೆಳೆಯುತ್ತಿದ್ದರೆ ತಿರುಪು ಸಡಿಲವಾಗಿದೆ, ಬಿಚ್ಚಲೇಬೇಕು.

ಗೆರೆ ದಪ್ಪಗಾಗಿ ಪೆಲ್ಟಿಯರ್ ವಿದ್ಯುತ್ತೂ ಏರಿದ್ದರೆ ಕಿಟಕಿ ಬಿರಿದಿದೆ ಎಂದೇ ತಿಳಿದು ಕೆಲಸ ನಿಲ್ಲಿಸಿ. ಪೆಟ್ಟಿಗೆ ಅಲುಗಾಡಿಸಿ ಸದ್ದು ಕೇಳಲು ಹೋಗಬೇಡಿ. ನಿರ್ವಾತ ಕೋಣೆಯಲ್ಲಿದ್ದರೆ ಮೊದಲು ಕೂಲರ್ ಆರಿಸಿ, ಡಿಟೆಕ್ಟರ್ ಕೋಣೆಯ ಉಷ್ಣತೆಗೆ ಬಂದ ಮೇಲೆ ಒಣ ನೈಟ್ರೋಜನ್ ಮೆಲ್ಲಗೆ ಬಿಡಿ, ರಭಸವಾಗಿ ಬಿಟ್ಟರೆ ಬಿರುಕಿನ ಚೂರುಗಳು ಹಾರಿ ಕನ್ನಡಿಯ ಮೇಲೆ ಕೂರುತ್ತವೆ. ಕೋಣೆಯ ಬಾಗಿಲನ್ನು ಸುರಕ್ಷತಾ ಅಧಿಕಾರಿ ಬಂದ ಮೇಲೆಯೇ ತೆರೆಯಿರಿ.